ಸ್ಲೈಡ್ ಸ್ಕ್ಯಾನರ್ ಕೊಳ್ಳುವ ಮೊದಲು ನಮ್ಮ ಸ್ಲೈಡ್ ಹಾಕಿ ನೋಡಿ

ಮಾನ್ಯ ಸಂಪಾದಕರಿಗೆ,

ಡಿಜಿಟಲ್ ಪೆಥಾಲಜಿ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಗಾಜಿನ ಸ್ಲೈಡನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ಸಾಕು, ಕಾಸರಗೋಡಿನ ರೋಗಿಯ ಬಯಾಪ್ಸಿಯನ್ನು ತಿರುವನಂತಪುರದ ಡಾಕ್ಟರು ಕೂತಲ್ಲೇ ನೋಡಬಹುದು ಎಂದು ಅದರಲ್ಲಿತ್ತು. ಮಾತು ಸರಿಯೇ. ಆದರೆ ಯಾವ ಸ್ಕ್ಯಾನರ್ ಕೊಳ್ಳುತ್ತಾರೆ, ಅದನ್ನು ಯಾರು ಹೇಗೆ ಪರೀಕ್ಷೆ ಮಾಡಿ ಆರಿಸುತ್ತಾರೆ ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಾಗಾಗಿ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಬೇಕಾದಲ್ಲಿ ಕತ್ತರಿಸಿ. ಟೆಂಡರಿನ ಬಗ್ಗೆ ಬರೆದದ್ದನ್ನು ಮಾತ್ರ ಬಿಡಬೇಡಿ.

ನಾನು ಪೆರ್ಲದ ಕಡೆಯವಳು. ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಹಿಸ್ಟೋಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದು ನಿವೃತ್ತಳಾದೆ. ಫಾರ್ಮಲಿನ್‌ನಲ್ಲಿ ಬಂದ ಮಾಂಸದ ತುಂಡನ್ನು ಮೇಣದ ಬ್ಲಾಕ್ ಮಾಡುವುದು, ಮೈಕ್ರೋಟೋಮ್ ಎಂಬ ಕತ್ತರಿಸುವ ಯಂತ್ರದಲ್ಲಿ 3–4 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ದಪ್ಪಕ್ಕೆ ಸೆಕ್ಷನ್, ಅಂದರೆ ತೆಳು ಪದರ, ತೆಗೆಯುವುದು, ಹೆಮಟಾಕ್ಸಿಲಿನ್ ಇಯೋಸಿನ್ ಬಣ್ಣ ಹಾಕುವುದು, ಡಿಪಿಎಕ್ಸ್ ಎಂಬ ಅಂಟು ಒಂದು ಹನಿ ಬಿಟ್ಟು ತೆಳು ಗಾಜಿನ ಕವರ್‌ಸ್ಲಿಪ್ ಮುಚ್ಚುವುದು ನಮ್ಮ ಕೆಲಸ. ರಿಪೋರ್ಟಿನಲ್ಲಿ ಸಹಿ ಡಾಕ್ಟರದ್ದು. ಅವರು ನೋಡುವ ಗಾಜು ನಮ್ಮ ಕೈಯಿಂದ ಹೋದದ್ದು.

ನಮ್ಮ ಜಿಲ್ಲೆಗೆ ಈ ತಂತ್ರಜ್ಞಾನ ಬೇಕು ಎನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ದೊಡ್ಡ ಕಾಯಿಲೆ ಬಂದರೆ ಕಾಸರಗೋಡಿನವರು ಹೋಗುವುದು ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ. ನಮ್ಮ ರಾಜ್ಯ ಕೇರಳದ ರೀಜನಲ್ ಕ್ಯಾನ್ಸರ್ ಸೆಂಟರ್ ಇರುವುದು ಐನೂರು ಕಿಲೋಮೀಟರಿಗೂ ಜಾಸ್ತಿ ದೂರದ ತಿರುವನಂತಪುರದಲ್ಲಿ. ಸೆಕೆಂಡ್ ಒಪಿನಿಯನ್ ಬೇಕಾದರೆ ಸ್ಲೈಡು, ಬ್ಲಾಕು ಎರಡನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮನೆಯವರ ಕೈಗೆ ಕೊಡುತ್ತಿದ್ದೆವು. "ಅಕ್ಕ, ಇದು ರೈಲಲ್ಲಿ ಒಡೆಯುದಿಲ್ವಾ?" ಎಂದು ಕೇಳದವರೇ ಕಡಿಮೆ. ಒಡೆಯುತ್ತಿತ್ತು, ಕೆಲವು ಸಲ. ಕೋವಿಡ್ ಎಂದು 2020ರ ಮಾರ್ಚಿನಲ್ಲಿ ಕರ್ನಾಟಕದ ಗಡಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಏನಾಯಿತು ಎಂದು ಈ ಪತ್ರಿಕೆ ಓದುವವರಿಗೆ ನಾನು ಹೇಳಬೇಕಿಲ್ಲ. ಆಂಬುಲೆನ್ಸೇ ದಾಟದ ಗಡಿಯಲ್ಲಿ ಸ್ಲೈಡಿನ ಡಬ್ಬಿಯನ್ನು ಯಾರು ದಾಟಿಸುತ್ತಾರೆ? ಅಂಥ ದಿನ ಮತ್ತೆ ಬಂದರೂ ಚಿತ್ರಕ್ಕೆ ಗಡಿ ಅಡ್ಡ ಬರುವುದಿಲ್ಲ, ಅಲ್ವಾ?

ಹಾಗಾಗಿ ಸ್ಕ್ಯಾನರ್ ಬರಲಿ. ಬರುವ ಮೊದಲು ಅದರ ಕಂಪನಿ ಕೊಡುವ ಬಣ್ಣದ ಕಾಗದವನ್ನು (ಬ್ರೋಷರ್) ಹೇಗೆ ಓದಬೇಕು ಎಂಬುದನ್ನೂ ನಾವು ತಿಳಿದಿರಬೇಕು.

ಆ ಕಾಗದದಲ್ಲಿ ಮೊದಲು ಕಾಣುವುದು ವೇಗ. ಒಂದು ಸ್ಲೈಡಿಗೆ ಇಷ್ಟು ಸೆಕೆಂಡ್ ಎಂದು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ನೋಡಿ: ಸಾಮಾನ್ಯವಾಗಿ ಅದು 15 ಮಿಲಿಮೀಟರ್ ಉದ್ದ, 15 ಮಿಲಿಮೀಟರ್ ಅಗಲದ ಜಾಗಕ್ಕೆ ಹೇಳಿದ ಲೆಕ್ಕ. ಸಣ್ಣ ಬಯಾಪ್ಸಿಗೆ ಅಷ್ಟು ಜಾಗವೂ ಬೇಡ. ಆದರೆ ಸ್ತನ ತೆಗೆದ ಕೇಸಿನ ಸೆಕ್ಷನ್ 20ಕ್ಕೆ 30 ಮಿಲಿಮೀಟರ್ ಇದ್ದರೆ ಅದರ ಎರಡೂವರೆ ಪಟ್ಟಿಗೂ ಜಾಸ್ತಿ ಜಾಗ ಆಯಿತು. ಇನ್ನು, ಸ್ಲೈಡನ್ನು ಟ್ರೇಯಿಂದ ಎತ್ತಿಕೊಳ್ಳುವುದು, ಲೇಬಲ್ ಓದುವುದು, ಮಾಂಸ ಎಲ್ಲಿದೆ ಎಂದು ಹುಡುಕುವುದು, ಫೋಕಸ್ ಗುರುತು ಮಾಡುವುದು, ಚಿತ್ರವನ್ನು ಸರ್ವರಿಗೆ ಕಳಿಸುವುದು, ಇವೆಲ್ಲ ಆ ಸೆಕೆಂಡುಗಳ ಒಳಗಿವೆಯೋ ಹೊರಗಿವೆಯೋ? ಒಂದು ಕಂಪನಿ ಸೇರಿಸಿ ಹೇಳುತ್ತದೆ, ಇನ್ನೊಂದು ಬಿಟ್ಟು ಹೇಳುತ್ತದೆ. ಎರಡು ಕಾಗದ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಯಾವುದಕ್ಕೂ ಅರ್ಥ ಬರುವುದಿಲ್ಲ. ಸ್ಕೂಟರಿನ ಮೈಲೇಜ್ ನೋಡಿ. ಕಂಪನಿ ಹೇಳಿದಷ್ಟು ನಮ್ಮ ಘಟ್ಟದ ರಸ್ತೆಯಲ್ಲಿ ಬರುವುದಿಲ್ಲ, ಆದರೆ ಎಲ್ಲ ಸ್ಕೂಟರನ್ನೂ ಒಂದೇ ನಿಯಮದಲ್ಲಿ ಓಡಿಸಿ ಅಳೆದ ಅಂಕಿ ಅದು. ಲಕ್ಷಗಟ್ಟಲೆ, ಕೆಲವೊಮ್ಮೆ ಕೋಟಿ ರೂಪಾಯಿಯ ಸ್ಕ್ಯಾನರಿಗೆ ಅಷ್ಟಾದರೂ ಬೇಡವಾ?

ಆಮೇಲೆ '40 ಎಕ್ಸ್' ಎಂಬ ಮಾತು. ಮೈಕ್ರೋಸ್ಕೋಪಿನಲ್ಲಿ 40 ಎಕ್ಸ್ ಅಂದರೆ ಲೆನ್ಸು. ಸ್ಕ್ಯಾನರಿನಲ್ಲಿ ಕೇಳಬೇಕಾದದ್ದು ಒಂದು ಪಿಕ್ಸೆಲ್ ಎಷ್ಟು ಮೈಕ್ರಾನ್ ಎಂದು. ಸಾಮಾನ್ಯವಾಗಿ ಪಿಕ್ಸೆಲಿಗೆ 0.25 ಮೈಕ್ರಾನ್ ಬಂದರೆ 40 ಎಕ್ಸ್ ಎನ್ನುತ್ತಾರೆ, 0.5 ಬಂದರೆ 20 ಎಕ್ಸ್. ಆದರೆ ಕೆಲವು ಯಂತ್ರದ ಒಳಗಿರುವುದು 20 ಎಕ್ಸ್ ಲೆನ್ಸೇ. ಮಧ್ಯದಲ್ಲಿ ಇನ್ನೊಂದು ಗಾಜು ಹಾಕಿ ದುಪ್ಪಟ್ಟು ಮಾಡಿರುತ್ತಾರೆ. ಅದು ಮೋಸ ಅಂತಲ್ಲ, ಒಳ್ಳೆಯ ಲೆನ್ಸಾದರೆ ಚಿತ್ರ ಚೆನ್ನಾಗಿಯೇ ಬರುತ್ತದೆ. ಸೂಕ್ಷ್ಮ ವಿವರ ಎಷ್ಟು ಕಾಣುತ್ತದೆ ಎನ್ನುವುದು ಲೆನ್ಸಿನ ನ್ಯೂಮರಿಕಲ್ ಅಪರ್ಚರ್ ಮೇಲೆ, ಅಂದರೆ ಲೆನ್ಸು ಎಷ್ಟು ಅಗಲದಿಂದ ಬೆಳಕು ಹಿಡಿಯುತ್ತದೆ ಎಂಬ ಅಂಕಿಯ ಮೇಲೆ ನಿಂತಿದೆ. ಅದನ್ನು ಮಾತ್ರ ಕಾಗದದಲ್ಲಿ ಹುಡುಕಿ ಹುಡುಕಿ ತೆಗೆಯಬೇಕು.

ಅದೇ 15ಕ್ಕೆ 15ರ ಜಾಗವನ್ನು 0.25 ಮೈಕ್ರಾನಿನಲ್ಲಿ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 60,000, ಉದ್ದಕ್ಕೆ 60,000 ಪಿಕ್ಸೆಲ್. ಒಟ್ಟು 360 ಕೋಟಿ. ಕುಗ್ಗಿಸದೆ ಇಟ್ಟರೆ ಒಂದು ಸ್ಲೈಡಿಗೆ ಹತ್ತು ಜಿಬಿಗೂ ಜಾಸ್ತಿ ಆಗುತ್ತದೆ. ಹಾಗಾಗಿ ಎಲ್ಲರೂ ಕುಗ್ಗಿಸುತ್ತಾರೆ. ಎಷ್ಟು ಕುಗ್ಗಿಸಿದರು ಎಂಬುದರ ಮೇಲೆ ವೇಗವೂ ಬದಲಾಗುತ್ತದೆ, ಚಿತ್ರದ ಗುಣವೂ ಬದಲಾಗುತ್ತದೆ. ಕುಗ್ಗಿಸಿ 1 ಜಿಬಿ ಆದ ಫೈಲನ್ನು ಸೆಕೆಂಡಿಗೆ 10 ಮೆಗಾಬಿಟ್ ಕಳಿಸುವ ಲೈನಿನಲ್ಲಿ ಬಿಟ್ಟರೆ 13 ನಿಮಿಷ ಬೇಕು, ಅದೂ ಲೈನ್ ಕಡಿಯದಿದ್ದರೆ. ಒಂದು ಕೇಸಿನಲ್ಲಿ ಹತ್ತಿಪ್ಪತ್ತು ಸ್ಲೈಡ್ ಇರುವುದುಂಟು. ಲೆಕ್ಕ ನೀವೇ ಹಾಕಿ.

ನಾನು ಕೆಲಸದಲ್ಲಿದ್ದಾಗ ಒಂದು ಕಂಪನಿಯವರು ಡೆಮೊ ಕೊಡಲು ಬಂದಿದ್ದರು. ಹೆಸರು ಬೇಡ. ಅವರ ಹತ್ತಿರ ಅವರದ್ದೇ ಒಂದು ಪೆಟ್ಟಿಗೆ ಸ್ಲೈಡ್ ಇತ್ತು. ನೋಡಿದರೆ ಕಣ್ಣಿಗೆ ಹಬ್ಬ. ಸೆಕ್ಷನ್ ನಡು ಮಧ್ಯೆ, ಕವರ್‌ಸ್ಲಿಪ್ ಯಂತ್ರದಲ್ಲಿ ಕೂರಿಸಿದ್ದು, ಲೇಬಲ್ ಪ್ರಿಂಟ್ ಮಾಡಿದ್ದು, ಬಾರ್‌ಕೋಡ್ ಬೇರೆ. ಯಂತ್ರ ಒಂದೊಂದಾಗಿ ನುಂಗಿ ಚಕಚಕ ಎಂದು ಚಿತ್ರ ಕೊಟ್ಟಿತು. ಡಾಕ್ಟರುಗಳಿಗೆ ಖುಷಿಯಾಯಿತು. ನಾನು ನಮ್ಮ ಹಿಂದಿನ ದಿನದ ಕೇಸುಗಳ ಟ್ರೇ ತಂದು, ಇದನ್ನೂ ಹಾಕಿ ನೋಡುವ ಎಂದೆ.

ನಮ್ಮ ಸ್ಲೈಡ್ ಹೇಗಿರುತ್ತದೆ ಎಂದರೆ, ನಂಬರ್ ಪೆನ್ಸಿಲಿನಲ್ಲಿ ಬರೆದದ್ದು. ಕವರ್‌ಸ್ಲಿಪ್ ಕೈಯಲ್ಲಿ ಹಾಕಿದ್ದು, ಒಂದೆರಡು ಕಡೆ ಅಂಚಿನಿಂದ ಕೂದಲೆಳೆಯಷ್ಟು ಹೊರಗೆ. ಡಿಪಿಎಕ್ಸ್ ಪೂರ್ತಿ ಒಣಗಿರುವುದಿಲ್ಲ, ಬದಿಯಲ್ಲಿ ಸ್ವಲ್ಪ ಅಂಟು. ಮೊದಲು ಆದದ್ದು ಅದೇ. ಒಂದು ಸ್ಲೈಡ್ ಒಳಗೆ ಸಿಕ್ಕಿಹಾಕಿಕೊಂಡಿತು. ಕಂಪನಿಯ ಹುಡುಗ ಮುಚ್ಚಳ ತೆಗೆದು ಅದನ್ನು ಬಿಡಿಸುವಷ್ಟರಲ್ಲಿ ಕಾಗದದಲ್ಲಿದ್ದ ವೇಗದ ಮಾತು ಮುಗಿದಿತ್ತು. ಆದರೆ ನನಗೆ ಹೆದರಿಕೆ ಆದದ್ದು ಅದರಿಂದಲ್ಲ. ಸಿಕ್ಕಿಕೊಂಡ ಸ್ಲೈಡ್ ಕಣ್ಣಿಗೆ ಕಾಣುತ್ತದೆ, ತೆಗೆಯಬಹುದು. ಸ್ತನದ ಒಂದು ಸೆಕ್ಷನಿನಲ್ಲಿ ಕೊಬ್ಬು ಜಾಸ್ತಿ, ಬಣ್ಣ ತೆಳು. ಪಕ್ಕದಲ್ಲಿ ಪ್ರತ್ಯೇಕವಾಗಿ ಒಂದು ಚೂರು ಇತ್ತು. ಯಂತ್ರ ದೊಡ್ಡ ಭಾಗವನ್ನು ಸ್ಕ್ಯಾನ್ ಮಾಡಿತು, ಆ ಚೂರನ್ನು ಖಾಲಿ ಗಾಜು ಎಂದುಕೊಂಡು ಬಿಟ್ಟಿತು. ತೆರೆಯ ಮೇಲೆ ಚಿತ್ರ ಮಾತ್ರ ಬಹಳ ಚಂದ. ಗಾಜು ಕೈಯಲ್ಲಿ ಇದ್ದದ್ದರಿಂದ ನಮಗೆ ಗೊತ್ತಾಯಿತು. ತಿರುವನಂತಪುರದಲ್ಲೋ ಮುಂಬೈಯಲ್ಲೋ ಕೂತು ನೋಡುವ ಡಾಕ್ಟರಿಗೆ ಇಲ್ಲದ ಚೂರು ಇಲ್ಲ ಎಂದು ಹೇಗೆ ಗೊತ್ತಾಗಬೇಕು?

"ಮೇಡಂ, ನಿಮ್ಮ ಸ್ಲೈಡ್ ಕ್ವಾಲಿಟಿ ಸ್ಟ್ಯಾಂಡರ್ಡ್ ಇಲ್ಲ" ಎಂದ ಆ ಹುಡುಗ. ಅವನ ಮಾತಿನಲ್ಲಿ ಅರ್ಧ ಸತ್ಯ ಇದೆ. ಸ್ಕ್ಯಾನರ್ ಇಟ್ಟುಕೊಳ್ಳುವ ಲ್ಯಾಬ್ ತನ್ನ ಕಟಿಂಗ್, ಕವರ್‌ಸ್ಲಿಪ್ಪಿಂಗ್ ಎಲ್ಲ ಸುಧಾರಿಸಿಕೊಳ್ಳಲೇಬೇಕು. ಮಡಚಿಕೊಂಡ ಸೆಕ್ಷನನ್ನು ಡಾಕ್ಟರು ನಾಬ್ ತಿರುಗಿಸಿ ಹೇಗೋ ನೋಡುತ್ತಾರೆ, ಯಂತ್ರಕ್ಕೆ ಆ ಜಾಣತನ ಇಲ್ಲ. ಸ್ಕ್ಯಾನರಿನ ಲೆನ್ಸಿಗೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮೈಕ್ರಾನ್. ನಮ್ಮ ಸೆಕ್ಷನೇ 3–4 ಮೈಕ್ರಾನ್. ಒಂದು ಗುಳ್ಳೆ, ಒಂದು ಮಡಿಕೆ, ಕವರ್‌ಸ್ಲಿಪ್ ಮೇಲೆ ಕೂತ ಒಂದು ಧೂಳಿನ ಕಣಕ್ಕೆ ಫೋಕಸ್ ಹಿಡಿದರೆ ಸುತ್ತಲಿನ ಜೀವಕೋಶ ಎಲ್ಲ ಮಸುಕು. ಆದರೆ ಉಳಿದ ಅರ್ಧ ಸತ್ಯ ಏನೆಂದರೆ, ಅವನು ಯಂತ್ರ ಮಾರಲು ಬಂದದ್ದು ನಮ್ಮ ಲ್ಯಾಬಿಗೆ. ಅವನ ಪೆಟ್ಟಿಗೆಯ ಸ್ಲೈಡಿನಲ್ಲಿ ನಮ್ಮ ಯಾವ ರೋಗಿಯೂ ಇಲ್ಲ.

ನಮ್ಮ ಕಡೆಯ ಕೇಸುಗಳಿಗೆ ಅವುಗಳದ್ದೇ ಸ್ವಭಾವ ಇದೆ. ಅಡಿಕೆಯ ಊರು ಇದು, ಎಲೆ ಅಡಿಕೆ ಹೊಗೆಸೊಪ್ಪು ಜಗಿಯುವವರ ಬಾಯಿ ಕ್ಯಾನ್ಸರ್ ಬಯಾಪ್ಸಿಗಳನ್ನು ನಾನು ಧಾರಾಳ ನೋಡಿದ್ದೇನೆ. ದವಡೆ ಎಲುಬಿನ ಭಾಗ ಬಂದರೆ ಆಸಿಡಿನಲ್ಲಿ ಮೆದು ಮಾಡಿ ಕಟ್ ಮಾಡಬೇಕು, ಸೆಕ್ಷನ್ ಗಾಜಿನಿಂದ ಏಳುತ್ತದೆ, ಮಡಚುತ್ತದೆ. ಕ್ಷಯದ ಅನುಮಾನ ಇದ್ದರೆ ಜೀಲ್ ನೀಲ್ಸನ್ ಬಣ್ಣ ಹಾಕುತ್ತೇವೆ. ಆ ಕಡ್ಡಿಯಂಥ ಕ್ರಿಮಿಯನ್ನು ಡಾಕ್ಟರು ಹುಡುಕುವುದು 100 ಎಕ್ಸ್ ಎಣ್ಣೆ ಲೆನ್ಸಿನಲ್ಲಿ. ಸಾಮಾನ್ಯ ಸ್ಕ್ಯಾನಿನಲ್ಲಿ ಅದು ತಪ್ಪಿ ಹೋಗಬಹುದು. ಗರ್ಭಕೋಶದ ಬಾಯಿಯಿಂದ ತೆಗೆದು ಗಾಜಿಗೆ ಸವರಿದ ಪ್ಯಾಪ್ ಸ್ಮಿಯರ್ ಇನ್ನೊಂದು ತಲೆನೋವು. ಅದು ಕಟ್ ಮಾಡಿದ ಸೆಕ್ಷನ್ ಅಲ್ಲ, ಜೀವಕೋಶ ಮೇಲೆ ಕೆಳಗೆ ರಾಶಿ ಬಿದ್ದಿರುತ್ತವೆ. ಹಲವು ಆಳದಲ್ಲಿ ಪದರ ಪದರವಾಗಿ ಸ್ಕ್ಯಾನ್ ಮಾಡಬೇಕು, ಆಗ ಸಮಯವೂ ಫೈಲಿನ ಗಾತ್ರವೂ ಅಷ್ಟೇ ಪಟ್ಟು ಏರುತ್ತದೆ. ಕಾಗದದಲ್ಲಿ 'ಈ ಸೌಲಭ್ಯ ಇದೆ' ಎಂದು ಟಿಕ್ ಮಾಡಿರುತ್ತಾರೆ ಅಷ್ಟೆ.

ಮಳೆಗಾಲದ ಬಗ್ಗೆ ಯಾವ ಕಂಪನಿಯೂ ಬರೆಯುವುದಿಲ್ಲ. ಜೂನ್ ಜುಲೈಯಲ್ಲಿ ಆಲ್ಕೊಹಾಲ್ ನೀರು ಹೀರುತ್ತದೆ, ಆ ನೀರು ಜೈಲೀನಿಗೆ ಸೇರಿ ಹಾಲಿನ ಹಾಗೆ ಆಗುತ್ತದೆ, ಸ್ಲೈಡಿಗೆ ಮಬ್ಬು ಹಿಡಿಯುತ್ತದೆ. ಲೆನ್ಸಿಗೆ ಫಂಗಸ್ ಬರುವುದು ಈ ಕರಾವಳಿಯಲ್ಲಿ ಮೈಕ್ರೋಸ್ಕೋಪ್ ಇಟ್ಟವರಿಗೆಲ್ಲ ಗೊತ್ತು. ಮತ್ತೆ ಕರೆಂಟು. ದೊಡ್ಡ ಸ್ಕ್ಯಾನರಿನಲ್ಲಿ ಮುನ್ನೂರು ನಾನೂರು ಸ್ಲೈಡ್ ಒಟ್ಟಿಗೆ ತುಂಬಿ ರಾತ್ರಿ ಬಿಟ್ಟು ಹೋಗಬಹುದು. ನಡುರಾತ್ರಿ ಕರೆಂಟು ಹೋಗಿ, ಯುಪಿಎಸ್ ಕೈಕೊಟ್ಟರೆ? ಯಂತ್ರ ನಿಂತಲ್ಲಿಂದ ಮುಂದುವರಿಯುತ್ತದಾ, ಮೊದಲಿನಿಂದ ಶುರು ಮಾಡುತ್ತದಾ, ಅರ್ಧ ಆದ ಚಿತ್ರವನ್ನು ಪೂರ್ತಿ ಎಂದು ತೋರಿಸುತ್ತದಾ? ಡೆಮೊದಲ್ಲಿ ಪ್ಲಗ್ ಎಳೆದು ನೋಡಬೇಕು. ನಾನು ಆ ದಿನ ಹೇಳಿದೆ, ಯಾರೂ ಒಪ್ಪಲಿಲ್ಲ.

ಹೊರದೇಶದಲ್ಲಿ ಈ ದಾರಿಯಲ್ಲಿ ಕೆಲಸ ಆಗಿಲ್ಲ ಎಂದಲ್ಲ. ಅಮೆರಿಕದ ಔಷಧ, ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಇಂಥ ಯಂತ್ರದ ಯಾವ್ಯಾವ ಭಾಗವನ್ನು ಹೇಗೆ ಪರೀಕ್ಷಿಸಿ ತೋರಿಸಬೇಕು ಎಂದು ಬರೆದಿಟ್ಟಿತು. ಬಣ್ಣ, ಫೋಕಸ್, ತುಂಡುಚಿತ್ರಗಳ ಜೋಡಣೆ, ಮಾಂಸ ಪೂರ್ತಿ ಸ್ಕ್ಯಾನ್ ಆಗಿದೆಯಾ ಎಂಬುದು, ಎಲ್ಲ ಅದರಲ್ಲಿದೆ. 2017ರಲ್ಲಿ ಮೊದಲ ಬಾರಿಗೆ ಫಿಲಿಪ್ಸ್ ಕಂಪನಿಯ ವ್ಯವಸ್ಥೆಗೆ ಮೂಲ ರೋಗನಿರ್ಣಯಕ್ಕೇ ಬಳಸಲು ಅನುಮತಿ ಕೊಟ್ಟಿತು. ಅದಕ್ಕಾಗಿ 16 ಪೆಥಾಲಜಿಸ್ಟರು ಸುಮಾರು ಎರಡು ಸಾವಿರ ಕೇಸನ್ನು ಗಾಜಿನಲ್ಲೂ ತೆರೆಯಲ್ಲೂ ನೋಡಿದ್ದರು. ಮೊದಲಿನ ರಿಪೋರ್ಟಿಗೂ ಇವರು ಹೇಳಿದ್ದಕ್ಕೂ ದೊಡ್ಡ ವ್ಯತ್ಯಾಸ ಬಂದದ್ದು ತೆರೆಯಲ್ಲಿ 4.9 ಶೇಕಡಾ, ಮೈಕ್ರೋಸ್ಕೋಪಿನಲ್ಲಿ 4.6 ಶೇಕಡಾ. ಅಂದರೆ ಈ ತಂತ್ರಜ್ಞಾನದ ಮೇಲೆ ಸುಮ್ನೆ ಅನುಮಾನ ಪಡುವ ಕಾಲ ಮುಗಿದಿದೆ. ಅಲ್ಲಿನ ಕಾಲೇಜ್ ಆಫ್ ಅಮೆರಿಕನ್ ಪೆಥಾಲಜಿಸ್ಟ್ಸ್ 2013ರಲ್ಲಿ ಕೊಟ್ಟ, 2021ರಲ್ಲಿ ತಿದ್ದಿದ ಸೂಚನೆ ಪ್ರಕಾರ ಪ್ರತಿ ಲ್ಯಾಬೂ ಕನಿಷ್ಠ 60 ಕೇಸನ್ನು ತಾನೇ ಪರೀಕ್ಷಿಸಬೇಕು. ಒಬ್ಬರೇ ಡಾಕ್ಟರು ಗಾಜಿನಲ್ಲಿ ನೋಡಿ, ಕನಿಷ್ಠ ಎರಡು ವಾರ ಬಿಟ್ಟು ತೆರೆಯಲ್ಲಿ ನೋಡಬೇಕು.

ಒಳ್ಳೆಯದು. ಆದರೆ ಅದು ಯಂತ್ರ ಕೊಂಡ ಮೇಲಿನ ಮಾತು. ಕೊಳ್ಳುವ ಮೊದಲು ನಾಲ್ಕು ಕಂಪನಿಯ ಯಂತ್ರಗಳಲ್ಲಿ ನಮಗೆ ಯಾವುದು ಆಗುತ್ತದೆ ಎಂದು ಅದರಿಂದ ಗೊತ್ತಾಗುವುದಿಲ್ಲ. ನಮ್ಮ ದೇಶದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮ ಇದೆ, ಅದು ಮಾರಾಟಕ್ಕೆ ಸಂಬಂಧಪಟ್ಟದ್ದು. ಎನ್‌ಎಬಿಎಲ್ ಮಾನ್ಯತೆ ಇದೆ, ಅದು ಲ್ಯಾಬಿನ ಗುಣಮಟ್ಟಕ್ಕೆ ಕೊಡುವುದು. ಯಂತ್ರ ಯಂತ್ರವನ್ನು ಒಂದೇ ತಕ್ಕಡಿಯಲ್ಲಿ ತೂಗುವ ಕೆಲಸ ಈ ಎರಡರಲ್ಲೂ ಬರುವುದಿಲ್ಲ.

ನನ್ನ ಸಲಹೆ ಸರಳ. ನಮ್ಮ ಲ್ಯಾಬುಗಳಿಂದಲೇ ಒಂದು ಪೆಟ್ಟಿಗೆ ಸ್ಲೈಡ್ ತಯಾರಾಗಲಿ, ರೋಗಿಯ ಹೆಸರು ತೆಗೆದು. ಜಿಲ್ಲಾ ಆಸ್ಪತ್ರೆಯವೂ ಇರಲಿ, ದೊಡ್ಡ ಸೆಂಟರಿನವೂ ಇರಲಿ. ಅದರಲ್ಲಿ ಒಳ್ಳೆ ಸ್ಲೈಡ್ ಎಷ್ಟಿದೆಯೋ ಅಷ್ಟೇ ಕೆಟ್ಟದ್ದೂ ಬೇಕೆಂದೇ ಇರಲಿ: ಗುಳ್ಳೆ ಇರುವುದು, ಮಡಚಿದ್ದು, ಬಣ್ಣ ತೆಳುವಾದದ್ದು, ಮೂಲೆಯಲ್ಲಿ ಸಣ್ಣ ಚೂರು ಇರುವುದು, ಪೆನ್ಸಿಲ್ ಲೇಬಲಿನದ್ದು. ಆ ಒಂದೇ ಪೆಟ್ಟಿಗೆ ಎಲ್ಲ ಕಂಪನಿಯ ಯಂತ್ರಕ್ಕೂ ಹೋಗಲಿ. ಕಂಪನಿಯ ಎಂಜಿನಿಯರ್ ಪಕ್ಕದಲ್ಲಿ ನಿಂತು ತಿರುಪು ತಿರುಗಿಸುವುದು ಬೇಡ, ಲ್ಯಾಬಿನ ಟೆಕ್ನಿಷಿಯನ್ನೇ ಹಾಕಲಿ. ಒಂದು ಸಲ ಬಂದ ಚಿತ್ರ ಮತ್ತೆ ಹಾಗೆಯೇ ಬರುತ್ತದಾ ಎಂದು ತಿಳಿಯಲು ಮೂರು ಸಲ ಹಾಕಲಿ. ಗಡಿಯಾರ ಶುರುವಾಗುವುದು ಟ್ರೇ ಒಳಗೆ ಇಟ್ಟಾಗ, ನಿಲ್ಲುವುದು ಕೊನೆಯ ಚಿತ್ರ ಡಾಕ್ಟರ ತೆರೆಯಲ್ಲಿ ತೆರೆದುಕೊಂಡಾಗ. ಮಧ್ಯದಲ್ಲಿ ಸಿಕ್ಕಿಕೊಂಡದ್ದು, ಮತ್ತೆ ಸ್ಕ್ಯಾನ್ ಮಾಡಿದ್ದು ಎಲ್ಲ ಆ ಸಮಯಕ್ಕೇ ಸೇರಲಿ.

ನನಗೆ ಕೇಳಿದರೆ ವೇಗಕ್ಕಿಂತ ಮುಖ್ಯ ಅಂಕಿ ಎರಡು. ಮೊದಲನೇ ಸಲಕ್ಕೇ ಸರಿಯಾಗಿ ಬಂದ ಸ್ಲೈಡ್ ನೂರಕ್ಕೆ ಎಷ್ಟು, ಮತ್ತು ಎಷ್ಟು ಸ್ಲೈಡಿನಲ್ಲಿ ಮಾಂಸದ ಭಾಗ ಬಿಟ್ಟು ಹೋಯಿತು. ಎರಡನೆಯದನ್ನು ಹಿಡಿಯುವುದು ಕಷ್ಟವಲ್ಲ. ಸ್ಕ್ಯಾನರ್ ಮೊದಲು ಇಡೀ ಸ್ಲೈಡಿನ ಒಂದು ಸಣ್ಣ ಫೋಟೊ ತೆಗೆಯುತ್ತದೆ. ಅದನ್ನೂ ಕೈಯಲ್ಲಿರುವ ಗಾಜನ್ನೂ ಸ್ಕ್ಯಾನ್ ಆದ ಜಾಗವನ್ನೂ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಯಾವ ಯಂತ್ರ ತಾನೇ 'ಈ ಜಾಗದಲ್ಲಿ ಫೋಕಸ್ ಸರಿ ಬಂದಿಲ್ಲ' ಎಂದು ಹೇಳುತ್ತದೋ ಅದಕ್ಕೆ ನಾನಾದರೆ ಜಾಸ್ತಿ ಮಾರ್ಕು ಕೊಡುತ್ತೇನೆ.

ಫೈಲಿನ ವಿಷಯವನ್ನು ಬಿಡುವ ಹಾಗಿಲ್ಲ. ಒಬ್ಬೊಬ್ಬರದು ಒಂದೊಂದು ನಮೂನೆ, ಒಂದರ ಚಿತ್ರ ಇನ್ನೊಂದರ ಸಾಫ್ಟ್‌ವೇರಿನಲ್ಲಿ ತೆರೆಯುವುದಿಲ್ಲ. ಎಕ್ಸ್‌ರೇ, ಸಿಟಿ ಸ್ಕ್ಯಾನಿಗೆ ಇರುವ, ಎಲ್ಲ ಕಂಪನಿಗೂ ಒಂದೇ ನಮೂನೆ ಎನ್ನುವ ಡೈಕಾಮ್ ನಿಯಮವನ್ನು ಸ್ಲೈಡಿನ ಚಿತ್ರಕ್ಕೂ 2010ರಲ್ಲೇ ವಿಸ್ತರಿಸಿದ್ದಾರೆ. ಆದರೂ ಇಂದಿಗೂ ಹಲವು ಯಂತ್ರದವರು ತಮ್ಮದೇ ನಮೂನೆಯನ್ನು ಮುಂದೆ ಮಾಡುತ್ತಾರೆ. ಕಾಸರಗೋಡಿನಲ್ಲಿ ಒಂದು ಕಂಪನಿ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ ಇನ್ನೊಂದು, ಮಂಗಳೂರಿನಲ್ಲಿ ಮತ್ತೊಂದು ಕಂಪನಿಯ ಯಂತ್ರ ಬಂದು, ಒಂದರದ್ದು ಇನ್ನೊಂದರಲ್ಲಿ ಕಾಣದಿದ್ದರೆ ನಾವು ಮತ್ತೆ ಡಬ್ಬಿ ಹಿಡಿದು ರೈಲು ಹತ್ತುವುದೇ.

ಬಣ್ಣವೂ ಹಾಗೆಯೇ. ಒಂದೇ ಸ್ಲೈಡ್ ಒಂದು ಯಂತ್ರದಲ್ಲಿ ಗುಲಾಬಿ, ಇನ್ನೊಂದರಲ್ಲಿ ನೇರಳೆ. ಮನುಷ್ಯರ ಕಣ್ಣು ಹೊಂದಿಕೊಳ್ಳುತ್ತದೆ. ಈಗ ಎಲ್ಲರೂ ಹೇಳುವ ಎಐ ಹೊಂದಿಕೊಳ್ಳುವುದಿಲ್ಲ. ಒಂದು ಸ್ಕ್ಯಾನರಿನ ಚಿತ್ರದಲ್ಲಿ ಕಲಿತ ಸಾಫ್ಟ್‌ವೇರ್ ಬೇರೆ ಸ್ಕ್ಯಾನರಿನ ಚಿತ್ರದಲ್ಲಿ ಎಡವುತ್ತದೆ. ಒಡೆಯುತ್ತಿರುವ ಜೀವಕೋಶ ಎಣಿಸುವ ಸಾಫ್ಟ್‌ವೇರುಗಳಿಗೆ 2021ರಲ್ಲಿ ಮಿಡಾಗ್ ಎಂಬ ಅಂತಾರಾಷ್ಟ್ರೀಯ ಸ್ಪರ್ಧೆ ಇಟ್ಟದ್ದೇ ಈ ಸಮಸ್ಯೆಗಾಗಿ. ಬಣ್ಣವನ್ನು ಮೊದಲೇ ಅಳೆದಿಟ್ಟ ಒಂದು ಸ್ಲೈಡ್ ನಾನು ಹೇಳಿದ ಪೆಟ್ಟಿಗೆಯಲ್ಲಿ ಇರಲೇಬೇಕು.

ಇದನ್ನು ಮಾಡುವವರು ಯಾರು ಎಂದರೆ, ಒಂದೊಂದು ಆಸ್ಪತ್ರೆಯಿಂದ ಆಗುವ ಕೆಲಸ ಅಲ್ಲ. 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನಲ್ಲಿ ದೇಶದ ಹಲವಾರು ಕ್ಯಾನ್ಸರ್ ಆಸ್ಪತ್ರೆಗಳು ಸೇರಿವೆ, ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ ಅದರ ಮುಂದೆ ನಿಂತಿದೆ. ಅವರು ಮನಸ್ಸು ಮಾಡಿದರೆ ಆಗುತ್ತದೆ. ಫಲಿತಾಂಶ ಯಾರು ಬೇಕಾದರೂ ಓದುವ ಹಾಗೆ ಇಡಬೇಕು, ಫೇಲಾದದ್ದನ್ನೂ ಸೇರಿಸಿ. ಕಂಪನಿ ಸಾಫ್ಟ್‌ವೇರ್ ಬದಲಿಸಿದರೆ ಪೆಟ್ಟಿಗೆ ಮತ್ತೆ ಹೋಗಬೇಕು.

ಅಷ್ಟರವರೆಗೆ ನಮ್ಮ ರಾಜ್ಯದಲ್ಲಿ ಟೆಂಡರ್ ಕರೆಯುವವರು ಕನಿಷ್ಠ ಇಷ್ಟಾದರೂ ಬರೆಯಲಿ. ವೇಗವನ್ನು ಕಂಪನಿಯ ಕಾಗದದಿಂದ ಎತ್ತಿಕೊಳ್ಳಬಾರದು, ಯಂತ್ರ ಇಡುವ ಲ್ಯಾಬಿನ ಸ್ಲೈಡಿನಿಂದಲೇ ಅಳೆಯಬೇಕು. ಡೈಕಾಮ್ ಇಲ್ಲದ ಯಂತ್ರ ಬೇಡ. ಬಿಟ್ಟುಹೋದ ಮಾಂಸದ ಲೆಕ್ಕ ಕೊಡದವರ ದರದ ಲಕೋಟೆ ಒಡೆಯುವುದೇ ಬೇಡ. ಕಡಿಮೆ ದರದವರಿಗೆ ಕೊಡುವ ನಿಯಮ ಇರಲಿ, ಆದರೆ ಈ ಪರೀಕ್ಷೆ ಪಾಸಾದವರ ಒಳಗೆ. ಟೆಂಡರಿನ ಕಾಗದ ನಮಗೆ ಕನ್ನಡದಲ್ಲಿ ಸಿಗುವುದಿಲ್ಲ, ಅದು ಬೇರೆಯೇ ಜಗಳ, ಇಲ್ಲಿ ಬೇಡ.

ಮತ್ತೆ ಇನ್ನೊಂದು ವಿಷಯ. ಇಂಥ ಖರೀದಿ ಸಮಿತಿಯಲ್ಲಿ ಡಾಕ್ಟರು ಇರುತ್ತಾರೆ, ಲೆಕ್ಕದವರು ಇರುತ್ತಾರೆ, ಐಟಿಯವರು ಇರುತ್ತಾರೆ. ಹಿಸ್ಟೋಪೆಥಾಲಜಿ ಟೆಕ್ನಿಷಿಯನ್ ಒಬ್ಬರನ್ನು ಸೇರಿಸಿ. ಆ ಟ್ರೇಯನ್ನು ದಿನಾ ತುಂಬುವವರು ಅವರು. ಡೆಮೊದ ದಿನ ಪ್ಲಗ್ ಎಳೆಯುವ ಅಧಿಕಾರವನ್ನೂ ಅವರಿಗೇ ಕೊಡಿ.

ಇತಿ,
ನಿವೃತ್ತ ಹಿಸ್ಟೋಪೆಥಾಲಜಿ ಟೆಕ್ನಿಷಿಯನ್
ಪೆರ್ಲ, ಕಾಸರಗೋಡು ಜಿಲ್ಲೆ